ಗೊಂಬೆಯ ಗುರುತು ಉಡುಗೆಯಲ್ಲಿ

ಪುಣೆ ಜಿಲ್ಲೆಯ ಭೋರ್‌ನಲ್ಲಿ ದೀಪಾವಳಿ ಎಂದರೆ ಮಕ್ಕಳು ಕೋಟೆ ಕಟ್ಟುವ ಕಾಲ. ಅಂಗಳದ ಮೂಲೆಯಲ್ಲಿ ಕಲ್ಲು, ಇಟ್ಟಿಗೆ ಪೇರಿಸಿ, ಗೋಣಿತಾಟು ಹೊದಿಸಿ, ಕೆಸರು ಮೆತ್ತಿ, ಬುರುಜು, ಬಾಗಿಲು, ಮೆಟ್ಟಿಲುಗಳನ್ನು ಎಬ್ಬಿಸುತ್ತಾರೆ. ಸಾಸಿವೆ ಚೆಲ್ಲಿ ಗುಡ್ಡಕ್ಕೆ ಹಸಿರು ಬರಿಸುತ್ತಾರೆ. ಎಲ್ಲಕ್ಕಿಂತ ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರ ಗೊಂಬೆ, ಕೆಳಗೆ ಮೆಟ್ಟಿಲುಗಳ ಮೇಲೆ ಢಾಲು ಕತ್ತಿ ಹಿಡಿದ ಮಾವಳ ಸೈನಿಕರ ಗೊಂಬೆಗಳು. ಪಶ್ಚಿಮ ಮಹಾರಾಷ್ಟ್ರದ ಎಲ್ಲ ಕಡೆ ಈ ಪದ್ಧತಿ ಇದೆ. ಆದರೆ ಭೋರ್‌ನಲ್ಲಿ ಅದರ ತೂಕವೇ ಬೇರೆ, ಏಕೆಂದರೆ ಮಕ್ಕಳು ಕಟ್ಟುವ ಕೋಟೆಯ ಮೂಲ ರೂಪ ಊರಿನ ಪಕ್ಕದಲ್ಲೇ ರೋಹಿಡಾ ಎಂಬ ಹೆಸರಿನಲ್ಲಿ ನಿಂತಿದೆ. ಶಿವಾಜಿಯ ಒಡನಾಡಿ ಕಾನ್ಹೋಜಿ ಜೇಧೆಯವರ ಕಾರಿ ಗ್ರಾಮ ಇದೇ ಸೀಮೆಯದು. ಪಾವನಖಿಂಡದ ಕಾಳಗದಲ್ಲಿ ಪ್ರಾಣ ಕೊಟ್ಟ ಬಾಜಿ ಪ್ರಭು ದೇಶಪಾಂಡೆಯವರ ಹಿರಡಸ್ ಮಾವಳ ಸೀಮೆ ಇಲ್ಲಿಯದೇ. ಕೋಟೆಯ ಮೇಲೆ ಕೂರಿಸುವ ಮಹಾರಾಜರ ಗೊಂಬೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕಣ್ಣಿಗೆ ಎರಡು ಚುಕ್ಕೆ, ಮೂಗಿಗೆ ಒಂದು ಉಬ್ಬು, ಗಡ್ಡಕ್ಕೆ ಒಂದು ಕಪ್ಪು ಗೆರೆ. ಮುಖವೆಂದು ಹೇಳಲು ಅಲ್ಲಿ ಹೆಚ್ಚೇನೂ ಇಲ್ಲ. ಆದರೂ ನಾಲ್ಕು ವರ್ಷದ ಮಗು ಕೂಡ ಆ ಗೊಂಬೆಯನ್ನು ಸೈನಿಕರ ಗುಂಪಿನಿಂದ ಬೇರೆ ತೆಗೆದು ಸಿಂಹಾಸನದ ಮೇಲೆಯೇ ಇಡುತ್ತದೆ. ಅದಕ್ಕೆ ದಾರಿ ತೋರಿಸುವುದು ತಲೆಯ ಜಿರೇಟೋಪ, ಉದ್ದನೆಯ ಅಂಗರಖಾ, ಸೊಂಟದ ಶೇಲಾ.

ಹೆಸರಾಂತ ವ್ಯಕ್ತಿಗಳ ರೂಪದಲ್ಲಿ ತಯಾರಾಗಿ, ಅವರ ಪ್ರಸಿದ್ಧ ಉಡುಗೆಗಳ ಚಿಕ್ಕ ನಕಲುಗಳನ್ನು ತೊಟ್ಟು, ಸಂಗ್ರಾಹಕರ ಗಾಜಿನ ಕಪಾಟು ಸೇರುವ ಫ್ಯಾಷನ್ ಗೊಂಬೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಒಂದನ್ನು ಹಿಡಿಯುತ್ತಾರೆ. ಇವು ಅಮೆರಿಕದ ಕಂಪನಿಗಳು ಹುಟ್ಟಿಸಿದ ಹುಚ್ಚು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಒಂದು. ಗೊಂಬೆಯ ಬೆಲೆಯೆಲ್ಲ ಮುಖದ ಹೋಲಿಕೆಯಲ್ಲಿದೆ, ಮುಖ ತಪ್ಪಿದರೆ ಗೊಂಬೆ ಕೆಟ್ಟಿತು ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಪ್ರಸಿದ್ಧರ ಗೊಂಬೆಯಲ್ಲಿ ವ್ಯಕ್ತಿಯನ್ನು ಹೊತ್ತು ತರುವುದು ಉಡುಗೆ. ಮುಖ ಅದಕ್ಕೆ ಜೊತೆಗಾರ ಮಾತ್ರ. ಈ ಮಾತನ್ನು ಒಪ್ಪಿದರೆ ಗೊಂಬೆಯ ಚರಿತ್ರೆಯಲ್ಲಿ ಯಾರ ಹೆಸರು ಬರೆಯಬೇಕು, ಸಂಗ್ರಹದಲ್ಲಿ ಯಾವುದನ್ನು ಜೋಪಾನ ಮಾಡಬೇಕು ಎಂಬ ಲೆಕ್ಕವೇ ಬದಲಾಗುತ್ತದೆ. ಆ ಲೆಕ್ಕದಲ್ಲಿ ಭೋರ್‌ನ ಮಣ್ಣಿನ ಗೊಂಬೆಗೂ ಮೈಸೂರಿನ ಪಟ್ಟದ ಗೊಂಬೆಗೂ ನ್ಯೂಯಾರ್ಕಿನ ಹರಾಜಿಗೆ ಬಂದ ಬಾರ್ಬಿಗೂ ಒಂದೇ ಸಾಲಿನಲ್ಲಿ ಜಾಗವಿದೆ.

ಮೊದಲು ಹೊರಗಿನ ಚರಿತ್ರೆ ನೋಡೋಣ, ಏಕೆಂದರೆ ಮುಖವೇ ಮುಖ್ಯ ಎಂಬ ಮಾತು ಅಲ್ಲಿಂದಲೇ ಬಂದಿದೆ. ಬಾಲನಟಿ ಶರ್ಲಿ ಟೆಂಪಲ್ ಗೊಂಬೆಯನ್ನು ಐಡಿಯಲ್ ಕಂಪನಿ 1934ರಲ್ಲಿ ಮಾರುಕಟ್ಟೆಗೆ ತಂದಿತು. ಶಿಲ್ಪಿ ಬರ್ನಾರ್ಡ್ ಲಿಪ್‌ಫರ್ಟ್ ಮುಖಕ್ಕಾಗಿ ಬಹಳ ಶ್ರಮಪಟ್ಟಿದ್ದು ನಿಜ. ಆದರೆ ಆ ಗೊಂಬೆ ಎಂದೊಡನೆ ಸಂಗ್ರಾಹಕರ ಕಣ್ಣಿಗೆ ಕಟ್ಟುವುದು ಗುಂಗುರು ಕೂದಲು ಮತ್ತು ಅದೇ ವರ್ಷದ ಸಿನಿಮಾದಲ್ಲಿ ಆಕೆ ತೊಟ್ಟಿದ್ದ ಕೆಂಪು ಚುಕ್ಕಿಯ ಫ್ರಾಕು. ಆ ಬಟ್ಟೆಗಳನ್ನು ರೂಪಿಸಿದ ಮೋಲಿ ಗೋಲ್ಡ್‌ಮನ್ ಹೆಸರು ಲಿಪ್‌ಫರ್ಟ್ ಹೆಸರಿನಷ್ಟು ಎಲ್ಲಿಯೂ ಕೇಳುವುದಿಲ್ಲ. ಇನ್ನೂ ಸ್ಪಷ್ಟವಾದ ನಿದರ್ಶನ ಸ್ಕಾರ್ಲೆಟ್ ಒಹಾರಾ ಗೊಂಬೆಯದು. ಆ ಪಾತ್ರವಿರುವ ಮಾರ್ಗರೆಟ್ ಮಿಚೆಲ್ ಕಾದಂಬರಿ 1936ರಲ್ಲಿ ಬಂತು, ಮೇಡಂ ಅಲೆಕ್ಸಾಂಡರ್ ಕಂಪನಿಯ ಗೊಂಬೆ 1937ರಲ್ಲಿ. ಸಿನಿಮಾ ಬಂದದ್ದು 1939ರಲ್ಲಿ. ವಿವಿಯನ್ ಲೀ ಆ ಪಾತ್ರಕ್ಕೆ ಆಯ್ಕೆಯಾಗುವ ಮೊದಲೇ ಗೊಂಬೆ ಮಕ್ಕಳ ಕೈಯಲ್ಲಿತ್ತು. ಹೋಲಿಸಿ ನೋಡಲು ಒಂದು ಮುಖವೇ ಇರಲಿಲ್ಲ. ಇದ್ದದ್ದು ನೆರಿಗೆಗಟ್ಟಿದ ಲಂಗ, ಅಗಲ ಅಂಚಿನ ಟೊಪ್ಪಿಗೆ, ಅಮೆರಿಕದ ದಕ್ಷಿಣದ ಹುಡುಗಿಯ ಠೀವಿ. ಜನ ಅದನ್ನು ಸ್ಕಾರ್ಲೆಟ್ ಎಂದೇ ಕೊಂಡರು.

ಬಾರ್ಬಿಯನ್ನು ಮಾಡುವ ಮ್ಯಾಟೆಲ್ ಕಂಪನಿ 1967ರಲ್ಲಿ ಇಂಗ್ಲೆಂಡಿನ ರೂಪದರ್ಶಿ ಟ್ವಿಗಿಯ ಗೊಂಬೆ ತಂದಾಗ ತಲೆಯ ಅಚ್ಚನ್ನು ಹೊಸದಾಗಿ ಮಾಡಲಿಲ್ಲ. ತನ್ನದೇ ಕೇಸಿ ಎಂಬ ಗೊಂಬೆಯ ಅಚ್ಚನ್ನು ಬಳಸಿ, ಕೂದಲು ಕತ್ತರಿಸಿ, ಕಣ್ಣಿನ ಬಣ್ಣ ಗಾಢವಾಗಿಸಿ, ಪಟ್ಟೆಪಟ್ಟೆಯ ಮಿನಿ ಉಡುಪು ಮತ್ತು ಹಳದಿ ಬೂಟು ತೊಡಿಸಿತು. ಅಷ್ಟಕ್ಕೇ ಕೇಸಿ ಟ್ವಿಗಿಯಾದಳು. 1976ರಲ್ಲಿ ಮೀಗೊ ಕಂಪನಿ ಗಾಯಕಿ ಶೇರ್ ಗೊಂಬೆಯನ್ನು ಹೊರತಂದಾಗ ಮುಖದ ಹೋಲಿಕೆ ಚೆನ್ನಾಗಿಯೇ ಇತ್ತು, ಆದರೆ ವ್ಯಾಪಾರ ನಿಂತದ್ದು ಬಾಬ್ ಮ್ಯಾಕಿ ರೂಪಿಸಿದ ಉಡುಗೆಗಳ ಮೇಲೆ. ಟಿವಿಯಲ್ಲಿ ಶೇರ್ ತೊಟ್ಟ ಮ್ಯಾಕಿಯ ವೇಷಗಳನ್ನು ಜನ ನೋಡಿದ್ದರು. ಅವೇ ಚಿಕ್ಕದಾಗಿ ಪ್ರತ್ಯೇಕ ಪೊಟ್ಟಣಗಳಲ್ಲಿ ಮಾರಾಟಕ್ಕೆ ಬಂದವು. ಗೊಂಬೆಯನ್ನು ಒಂದು ಸಲ ಕೊಂಡರೆ ಆಯಿತು, ಉಡುಗೆಯನ್ನು ಮತ್ತೆ ಮತ್ತೆ ಕೊಳ್ಳಬೇಕು. ಮುಂದೆ 1990ರಲ್ಲಿ ಅದೇ ಮ್ಯಾಕಿ ಮ್ಯಾಟೆಲ್‌ಗಾಗಿ ಚಿನ್ನದ ಬಣ್ಣದ ಬಾರ್ಬಿ ರೂಪಿಸಿದಾಗ ಪೆಟ್ಟಿಗೆಯ ಮೇಲೆ ವಿನ್ಯಾಸಕಾರರ ಹೆಸರೇ ಮಾರಾಟದ ಆಕರ್ಷಣೆಯಾಯಿತು. 2010ರ ಅಕ್ಟೋಬರ್‌ನಲ್ಲಿ ಆಭರಣ ವಿನ್ಯಾಸಕ ಸ್ಟೆಫಾನೊ ಕಾಂಟೂರಿಯ ಬಾರ್ಬಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 3,02,500 ಡಾಲರಿಗೆ ಹೋಯಿತು. ಹಣ ಸ್ತನ ಕ್ಯಾನ್ಸರ್ ಸಂಶೋಧನೆಗೆ ಸಂದಿತು. ಆ ಗೊಂಬೆಯ ಮೈ ಎಲ್ಲ ಬಾರ್ಬಿಗಳಂತೆ ಪ್ಲಾಸ್ಟಿಕ್ಕು. ಕೊರಳಲ್ಲಿದ್ದದ್ದು ಒಂದು ಕ್ಯಾರಟ್ ಗುಲಾಬಿ ವಜ್ರ.

ಈ ವಾದಕ್ಕೆ ಅತ್ಯಂತ ಗಟ್ಟಿ ಪುರಾವೆ ಮಾತ್ರ ಆಟಿಕೆ ಅಂಗಡಿಯದಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಪ್ಯಾರಿಸ್‌ನ ವಸ್ತ್ರ ವಿನ್ಯಾಸಕರಿಗೆ ಬಟ್ಟೆಯ ಬರ ಬಂದಿತ್ತು. ಆಳೆತ್ತರದ ಉಡುಪು ಹೊಲಿಯಲು ಬಟ್ಟೆಯಿಲ್ಲ, ತಮ್ಮ ಕಸುಬು ಸತ್ತಿಲ್ಲ ಎಂದು ಜಗತ್ತಿಗೆ ತೋರಿಸಲೂ ಬೇಕು. ಅವರು 1945ರಲ್ಲಿ ಸುಮಾರು 70 ಸೆಂಟಿಮೀಟರ್ ಎತ್ತರದ ತಂತಿಯ ಗೊಂಬೆಗಳನ್ನು ಮಾಡಿಸಿ, ಅವುಗಳಿಗೆ ಒಳ ಅಂಗಿಯಿಂದ ಗುಂಡಿಯವರೆಗೆ ನಿಜವಾದ ಹೊಲಿಗೆಯ ಉಡುಪು ತೊಡಿಸಿ ಪ್ರದರ್ಶನಕ್ಕಿಟ್ಟರು. ತಿಯಾತ್ರ್ ದ ಲಾ ಮೋಡ್ ಎಂಬ ಆ ಪ್ರದರ್ಶನ ಪ್ಯಾರಿಸ್‌ನಿಂದ ಹೊರಟು ಯೂರೋಪು, ಅಮೆರಿಕಗಳನ್ನು ಸುತ್ತಿತು. ಉಳಿದ ಗೊಂಬೆಗಳು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಸಂಗ್ರಹಾಲಯದಲ್ಲಿವೆ. ತಲೆಗಳನ್ನು ಮಾಡಿದ ಕತಲಾನ್ ಶಿಲ್ಪಿ ಜೊವಾನ್ ರೆಬುಲ್ ಅವುಗಳಿಗೆ ಬಣ್ಣ ಹಚ್ಚಲು ಒಪ್ಪಲಿಲ್ಲ. ತುಟಿಗೆ ಕೆಂಪಿಲ್ಲ, ಕಣ್ಣಿಗೆ ಕಪ್ಪಿಲ್ಲ, ಬರಿಯ ಬಿಳಿ ಮುಖ. ಆದರೂ ಯಾವ ಗೊಂಬೆ ಬಲೆನ್ಸಿಯಾಗದ್ದು, ಯಾವುದು ಸ್ಕಿಯಾಪರೆಲ್ಲಿಯದು ಎಂದು ಬಟ್ಟೆ ನೋಡಿಯೇ ಹೇಳಬಲ್ಲವರಿದ್ದರು. ಮುಖವನ್ನು ಮೌನವಾಗಿಸಿದರೆ ಉಡುಗೆ ಎಷ್ಟು ಮಾತಾಡಬಲ್ಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರು ಯಾರೂ ಇಲ್ಲ ಎಂದು ನನಗನ್ನಿಸುತ್ತದೆ.

ಭಾರತದ ಮಾರುಕಟ್ಟೆಯೂ ಇದೇ ದಾರಿ ಹಿಡಿಯಿತು. ಸೀರೆಯುಟ್ಟು ಬಂದ ಬಾರ್ಬಿಗಳ ಮುಖ ಅಮೆರಿಕದ್ದೇ. ಭಾರತೀಯತೆ ಸೆರಗಿನಲ್ಲಿ, ಬಿಂದಿಯಲ್ಲಿ, ಬಳೆಯಲ್ಲಿ. 2009ರಲ್ಲಿ ಬಾರ್ಬಿಗೆ 50 ತುಂಬಿದಾಗ ಕತ್ರೀನಾ ಕೈಫ್ ಬಾರ್ಬಿಯ ವೇಷದಲ್ಲಿ ಫ್ಯಾಷನ್ ವೇದಿಕೆ ಏರಿದರು, ಅವರ ರೂಪದ ಗೊಂಬೆಯ ಸುದ್ದಿಯೂ ಬಂತು. 2024ರ ದೀಪಾವಳಿಗೆ ಬಂದ ಬಾರ್ಬಿಯನ್ನು ಅನಿತಾ ಡೋಂಗ್ರೆ ರೂಪಿಸಿದರು. ಅದು ಯಾವ ನಟಿಯ ಹೋಲಿಕೆಯೂ ಅಲ್ಲ, ಅದರ ಹೆಸರುವಾಸಿ ವ್ಯಕ್ತಿ ವಿನ್ಯಾಸಕಿಯೇ. ನ್ಯಾಯಾಲಯದ ಮಾತೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಯಕ ದಲೇರ್ ಮೆಹೆಂದಿಯವರನ್ನು ಹೋಲುವ, ಅವರ ಹಾಡಿನ ಸಾಲು ಗುನುಗುವ ಗೊಂಬೆಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದುದರ ವಿರುದ್ಧ ಅವರ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಯಿತು. 2010ರಲ್ಲಿ ತೀರ್ಪು ಅವರ ಪರವಾಗಿ ಬಂತು. ವ್ಯಕ್ತಿಯ ಪ್ರಸಿದ್ಧಿಯನ್ನು ಅನುಮತಿಯಿಲ್ಲದೆ ಬಳಸಿ ಹಣ ಮಾಡಿಕೊಳ್ಳುವುದು ತಪ್ಪು ಎಂದಿತು ಕೋರ್ಟು. ವಿಡಂಬನೆ, ವ್ಯಂಗ್ಯಚಿತ್ರಗಳ ಸ್ವಾತಂತ್ರ್ಯವನ್ನು ಇದೇ ನೆಪದಲ್ಲಿ ಅಡಗಿಸಬಾರದು ಎಂದೂ ಎಚ್ಚರಿಸಿತು. ರಾಜಕುಮಾರಿ ಡಯಾನಾ ಹೆಸರಿನ ನಿಧಿ ಗೊಂಬೆ ಮುಂತಾದ ನೆನಪಿನ ವಸ್ತುಗಳನ್ನು ಮಾರುತ್ತಿದ್ದ ಫ್ರಾಂಕ್ಲಿನ್ ಮಿಂಟ್ ವಿರುದ್ಧ ಅಮೆರಿಕದಲ್ಲಿ ಹೂಡಿದ ದಾವೆ ಮಾತ್ರ 2002ರ ಮೇಲ್ಮನವಿಯಲ್ಲೂ ಸೋತಿತು. ಎರಡು ದೇಶಗಳ ಈ ತೀರ್ಪುಗಳಲ್ಲಿ ಹೆಸರಾಂತರ ಹಕ್ಕು ಎಷ್ಟು ಎಂಬುದಕ್ಕೆ ಉತ್ತರವಿದೆ. ಅವರ ಉಡುಗೆಯನ್ನು ಕತ್ತರಿಸಿ ಹೊಲಿದವರ ಹಕ್ಕು ಏನು ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಬಾಕಿ ಉಳಿದ ಪ್ರಶ್ನೆ ಅದೇ.

ಈಗ ಭೋರ್ ಕಡೆಗೆ ಮರಳಿ ನೋಡಿದರೆ, ಉಡುಗೆಯೇ ವ್ಯಕ್ತಿ ಎಂಬ ತಿಳಿವಳಿಕೆ ಈ ಮಣ್ಣಿಗೆ ಹೊಸದಲ್ಲ. 1660ರಲ್ಲಿ ಬಿಜಾಪುರದ ಆದಿಲಶಾಹಿ ಸೇನಾಪತಿ ಸಿದ್ದಿ ಜೌಹರ್ ಶಿವಾಜಿ ಇದ್ದ ಪನ್ಹಾಳಾ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಶಿವಾಜಿಯಂತೆ ಕಾಣುತ್ತಿದ್ದ ಶಿವಾ ಕಾಶಿದ್ ಎಂಬಾತ ಮಹಾರಾಜರ ಪೋಷಾಕು ತೊಟ್ಟು ಪಲ್ಲಕ್ಕಿಯಲ್ಲಿ ಹೊರಟು, ಶತ್ರುವಿನ ಕೈಗೆ ತಾನೇ ಸಿಕ್ಕು ಪ್ರಾಣ ಕೊಟ್ಟ ಎಂದು ಪರಂಪರೆ ಹೇಳುತ್ತದೆ. ಆ ಹೊತ್ತಿಗೆ ಮಹಾರಾಜರು ಬೇರೆ ದಾರಿಯಿಂದ ವಿಶಾಳಗಡದ ಕಡೆ ಸಾಗಿದ್ದರು. ಹಿಂದೆ ಬಾಜಿ ಪ್ರಭು ಕಣಿವೆ ಕಾಯುತ್ತಿದ್ದರು. ಮಹಾರಾಜರ ಮುಖವನ್ನು ಹತ್ತಿರದಿಂದ ಬಲ್ಲವರು ಆ ಪಾಳೆಯದಲ್ಲಿ ಎಷ್ಟು ಜನ ಇದ್ದಾರು? ಅವರು ಗುರುತಿಸಿದ್ದು ಅರಸನ ಉಡುಗೆಯನ್ನು, ಪಲ್ಲಕ್ಕಿಯನ್ನು. ಮುಖದ ವಿಷಯದಲ್ಲಂತೂ ಗೊಂದಲ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿದಿತ್ತು. ಬೇರೆ ಯಾರದೋ ಚಿತ್ರವನ್ನು ಶಿವಾಜಿಯದೆಂದು ಅಚ್ಚು ಹಾಕುತ್ತಿದ್ದ ಕಾಲದಲ್ಲಿ, 1933ರಲ್ಲಿ ಇತಿಹಾಸಕಾರ ವಾ. ಸೀ. ಬೇಂದ್ರೆಯವರು ಡಚ್ಚರ ಕಡೆಯಿಂದ ಬಂದ ಅಸಲಿ ಚಿತ್ರವನ್ನು ಬೆಳಕಿಗೆ ತಂದರು. ನಮ್ಮ ಧಾರವಾಡ ಜಿಲ್ಲೆಯ ಯಾದವಾಡದಲ್ಲಿ ಶಿವಾಜಿಯದೆಂದು ಗುರುತಿಸಲಾದ ಕಲ್ಲಿನ ಕೆತ್ತನೆಯಿದೆ, ಅದನ್ನು ಬೆಳವಡಿಯ ಮಲ್ಲಮ್ಮನ ಹೆಸರಿನೊಂದಿಗೆ ಜನ ಸೇರಿಸುತ್ತಾರೆ. ಅಲ್ಲಿಯೂ ಗುರುತಿಗೆ ಆಧಾರ ಕುದುರೆ, ಪೋಷಾಕು, ಪರಿವಾರಗಳೇ. ಭೋರ್‌ನ ಅರಸರಾಗಿದ್ದ ಪಂತ ಸಚಿವರ 1869ರ ರಾಜವಾಡೆಯಲ್ಲಿ ಸಿನಿಮಾದವರು ಬಂದು ಇತಿಹಾಸದ ಕತೆಗಳನ್ನು ಚಿತ್ರೀಕರಿಸುವಾಗಲೂ ನಟನನ್ನು ಅರಸನನ್ನಾಗಿ ಮಾಡುವವರಲ್ಲಿ ಮೊದಲಿಗರು ಉಡುಗೆಯ ವಿಭಾಗದವರು. ಕನ್ನಡಿಗರು ತಮ್ಮನ್ನೇ ಕೇಳಿಕೊಳ್ಳಬಹುದು: ರಾಜ್‌ಕುಮಾರ್ ಅವರ ಸಂಗ್ರಹಯೋಗ್ಯ ಗೊಂಬೆಯೊಂದನ್ನು ಮಾಡುವುದಾದರೆ ‘ಬಂಗಾರದ ಮನುಷ್ಯ’ದ ರಾಜೀವಪ್ಪನೋ, ‘ಮಯೂರ’ದ ಕದಂಬ ಅರಸನೋ, ಬಿಳಿ ಪಂಚೆ ಬಿಳಿ ಅಂಗಿಯ ಅಣ್ಣಾವ್ರೋ? ಮುಖ ಒಂದೇ. ಉಡುಗೆ ಬದಲಾದಂತೆ ಗೊಂಬೆಯೇ ಬೇರೆಯಾಗುತ್ತದೆ.

ಮೈಸೂರು ಸೀಮೆಯ ಪಟ್ಟದ ಗೊಂಬೆ ಇಡೀ ಪ್ರಶ್ನೆಗೆ ಅತ್ಯಂತ ಹಳೆಯ, ಅತ್ಯಂತ ಪೂರ್ಣ ಉತ್ತರ. ರಕ್ತಚಂದನದ ಮರದಲ್ಲಿ ಕಡೆದ ರಾಜ ರಾಣಿಯರ ಈ ಜೋಡಿ ನವರಾತ್ರಿಯ ಗೊಂಬೆ ಸಾಲಿನ ಯಜಮಾನರು. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಕೊಟ್ಟು ಕಳಿಸುವ ವಾಡಿಕೆ ಅನೇಕ ಮನೆಗಳಲ್ಲಿದೆ. ಹಾಗಾಗಿ ಒಂದೇ ಜೋಡಿ ಮೂರು ನಾಲ್ಕು ತಲೆಮಾರಿನ ಕೈ ದಾಟಿರುತ್ತದೆ. ಒಡೆಯರ ಕಾಲದಲ್ಲಿ ಅರಸರು ರಾಜ್ಯದ ಅತ್ಯಂತ ಹೆಸರಾಂತ ವ್ಯಕ್ತಿಗಳು. ಅವರ ರೂಪದ ಗೊಂಬೆಯನ್ನು ಮನೆ ಮನೆಯಲ್ಲಿ ಕೂರಿಸಿ ಅಲಂಕರಿಸುವುದು ಇಂದಿನ ಪರಿಭಾಷೆಯಲ್ಲಿ ಪ್ರಸಿದ್ಧರ ಗೊಂಬೆ ಸಂಗ್ರಹವೇ. ಮರದ ಮುಖ ಯಾವ ಒಡೆಯರದೂ ಅಲ್ಲ. ಪ್ರತಿ ವರ್ಷ ಹೊಸದಾಗಿ ಕತ್ತರಿಸಿ ಕಟ್ಟಿದ ಪೇಟ, ಜರಿಯಂಚಿನ ಪಂಚೆ, ಶಲ್ಯ, ರಾಣಿಗೆ ನಿರಿಗೆ ಹಿಡಿದ ರೇಷ್ಮೆ ಸೀರೆ, ಮಣಿಸರ, ಜಡೆಗೆ ಕುಚ್ಚು: ಇವುಗಳಿಂದ ಅವರು ಮೈಸೂರಿನ ದೊರೆಗಳಾಗುತ್ತಾರೆ. ಅಂಬಾವಿಲಾಸ ಅರಮನೆಯ ಗೊಂಬೆ ತೊಟ್ಟಿಯಲ್ಲಿ ಕಾಲಕಾಲದ ಗೊಂಬೆಗಳ ಸಂಗ್ರಹವನ್ನು ಇಂದಿಗೂ ನೋಡಬಹುದು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ ‘ಬೊಂಬೆ ಮನೆ’ ಪ್ರದರ್ಶನ ಈ ಪರಂಪರೆಗೆ ಮಾರುಕಟ್ಟೆಯನ್ನೂ ನೋಡುಗರನ್ನೂ ಮತ್ತೆ ತಂದುಕೊಟ್ಟಿದೆ. ಪಾಶ್ಚಾತ್ಯ ಸಂಗ್ರಾಹಕನಿಗೂ ಮೈಸೂರಿನ ಗೃಹಿಣಿಗೂ ಇರುವ ನಿಜವಾದ ವ್ಯತ್ಯಾಸ ಕೂಡ ಇಲ್ಲಿಯೇ ಕಾಣುತ್ತದೆ. ಅಲ್ಲಿ ಪೆಟ್ಟಿಗೆ ತೆರೆಯದ ಗೊಂಬೆಗೆ ಬೆಲೆ ಹೆಚ್ಚು, ಕಾರ್ಖಾನೆಯ ಉಡುಗೆಯೇ ಕೊನೆಯ ಉಡುಗೆ. ಇಲ್ಲಿ ಬಿಚ್ಚಿ ಉಡಿಸಿದಷ್ಟೂ ಗೊಂಬೆಗೆ ಮರ್ಯಾದೆ, ಉಡಿಸುವ ಕಲೆ ಮನೆಯ ಹೆಂಗಸರ ಬೆರಳುಗಳಲ್ಲಿ ಮುಂದುವರಿಯುತ್ತದೆ. ನನಗೆ ಎರಡನೆಯದು ಮೇಲು ಎನಿಸುತ್ತದೆ, ಏಕೆಂದರೆ ಅದು ವಸ್ತುವಿನೊಂದಿಗೆ ವಿದ್ಯೆಯನ್ನೂ ಉಳಿಸುತ್ತದೆ.

ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು ತಂತ್ರಜ್ಞಾನದ್ದು: ಈಗ ಮುಖವನ್ನು ಸ್ಕ್ಯಾನ್ ಮಾಡಿ ಕೂದಲೆಳೆಯಷ್ಟೂ ತಪ್ಪದೆ ಅಚ್ಚಿಳಿಸಬಹುದಲ್ಲ, ಇನ್ನು ಉಡುಗೆಗೆ ಏಕೆ ಇಷ್ಟು ಮಹತ್ವ ಎಂದು. ಹೋಲಿಕೆ ಸುಲಭವಾದಷ್ಟೂ ಅದು ಎಲ್ಲರಿಗೂ ಸಿಗುವ ಸರಕಾಗುತ್ತದೆ. ಕೈಯ ಕೌಶಲ ಬೇಕಾಗುವ ಉಡುಗೆಯೇ ಆಗ ಒಂದು ಗೊಂಬೆಯನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಚಿಕ್ಕ ಅಳತೆಯಲ್ಲಿ ಬಟ್ಟೆ ತನ್ನಷ್ಟಕ್ಕೆ ಬಾಗುವುದಿಲ್ಲ. ದಪ್ಪ ರೇಷ್ಮೆ ಗೊಂಬೆಯ ಮೈಮೇಲೆ ಸೆಟೆದು ನಿಲ್ಲುತ್ತದೆ, ಅಗಲ ಜರಿಯಂಚು ಇಡೀ ಸೀರೆಯನ್ನೇ ನುಂಗುತ್ತದೆ. ಆ ಅಳತೆಗೆ ತಕ್ಕ ನೂಲು, ಅಂಚು, ಹೊಲಿಗೆ ಹುಡುಕುವುದು ಯಂತ್ರ ಮಾಡಿಕೊಡುವ ಕೆಲಸವಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ತೆಳು ಸೊಂಟ, ಉದ್ದ ಕಾಲಿನ ಗೊಂಬೆಗಳು ಹೆಣ್ಣುಮಕ್ಕಳ ಮನಸ್ಸಿನಲ್ಲಿ ತಮ್ಮ ಮೈಯ ಬಗ್ಗೆಯೇ ಅಸಮಾಧಾನ ಬಿತ್ತುತ್ತವೆ ಎಂಬುದು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಮ್ಯಾಟೆಲ್ 2016ರಲ್ಲಿ ಬೇರೆ ಬೇರೆ ಮೈಕಟ್ಟಿನ ಬಾರ್ಬಿಗಳನ್ನು ತಂದದ್ದೇ ಆ ದೂರಿನಲ್ಲಿ ಹುರುಳಿತ್ತು ಎಂಬುದಕ್ಕೆ ಸಾಕ್ಷಿ. ಆದರೆ ಗಮನವನ್ನು ಮೈಯಿಂದ ಉಡುಗೆಗೆ, ಉಡುಗೆಯಿಂದ ಹೊಲಿದವರ ಕೌಶಲಕ್ಕೆ ತಿರುಗಿಸುವುದು ಈ ಕಾಯಿಲೆಗೆ ಒಂದು ಮದ್ದೂ ಹೌದು. ಪಟ್ಟದ ರಾಣಿಯ ಸೊಂಟದ ಅಳತೆ ಯಾವ ಹುಡುಗಿಯನ್ನೂ ಕಾಡಿದ್ದಿಲ್ಲ.

ಭಕ್ತಿಯ ಕಡೆಯಿಂದ ಬರುವ ಆಕ್ಷೇಪಕ್ಕೆ ಭೋರ್‌ನಲ್ಲಿ ಕುಳಿತು ಉತ್ತರಿಸುವಾಗ ಹೆಚ್ಚು ಎಚ್ಚರ ಬೇಕು. ಮಹಾರಾಜರನ್ನು ಸಿನಿಮಾ ತಾರೆಯರ ಸಾಲಿನಲ್ಲಿ ಇಡಬಹುದೇ, ಆರಾಧ್ಯರ ಗೊಂಬೆಯನ್ನು ಸಂಗ್ರಹದ ಸರಕು ಎನ್ನಬಹುದೇ? ಗೌರವದಲ್ಲಿ ಅವರು ಬೇರೆಯೇ. ಆದರೆ ಗೌರವವೇ ಹೆಚ್ಚಿನ ನಿಖರತೆಯನ್ನು ಬೇಡುತ್ತದೆ. ಇಂದು ಮಾರುಕಟ್ಟೆಗೆ ಬರುವ ಕೋಟೆ ಗೊಂಬೆಗಳಲ್ಲಿ ಬಹಳಷ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿನವು. ಉಡುಗೆ ಮೈಗೆ ಅಂಟಿಕೊಂಡೇ ಅಚ್ಚಿನಿಂದ ಹೊರಬರುತ್ತದೆ, ಮೇಲೆ ಎದ್ದು ಕಾಣುವ ಎಣ್ಣೆಬಣ್ಣ. ಹದಿನೇಳನೆಯ ಶತಮಾನದ ದಖ್ಖನ್ನಿನ ಅಂಗರಖಾವನ್ನು ಎಡಕ್ಕೆ ಕಟ್ಟುತ್ತಿದ್ದರೋ ಬಲಕ್ಕೋ, ಜಿರೇಟೋಪದ ಕೆಳಗಿನ ಪಟ್ಟಿ ಹೇಗಿತ್ತು, ಮಾವಳರ ಕಾಲಲ್ಲಿ ಏನಿತ್ತು ಎಂದು ಅಚ್ಚು ಮಾಡುವವರನ್ನು ಯಾರೂ ಕೇಳುವುದಿಲ್ಲ. ಆ ಕಾಲದ ಚಿತ್ರಗಳು, ಪೋಷಾಕುಗಳು ವಸ್ತುಸಂಗ್ರಹಾಲಯಗಳಲ್ಲಿವೆ. ದೈನಂದಿನ ಬಳಕೆಯ ವಸ್ತುಗಳಿಗಾಗಿ ಬದುಕನ್ನೇ ಮುಡಿಪಿಟ್ಟ ದಿನಕರ ಕೇಳಕರರ ಸಂಗ್ರಹಾಲಯ ಪುಣೆಯಲ್ಲಿಯೇ ಇದೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ಆರಂಭಿಸಿದ ಗೊಂಬೆಗಳ ಸಂಗ್ರಹಾಲಯ ತನ್ನದೇ ಕಾರ್ಯಾಗಾರದಲ್ಲಿ ಭಾರತದ ಬೇರೆ ಬೇರೆ ಪ್ರದೇಶಗಳ ಉಡುಗೆಯನ್ನು ಅಭ್ಯಾಸ ಮಾಡಿ ಗೊಂಬೆಗಳಿಗೆ ತೊಡಿಸಿತು. ದಾರಿ ಹೇಗೆಂದು ಅರವತ್ತು ವರ್ಷದ ಹಿಂದೆಯೇ ತೋರಿಸಿಕೊಟ್ಟಾಗಿದೆ.

ಇದೆಲ್ಲ ಹಣವುಳ್ಳವರ ಹವ್ಯಾಸ ಎಂಬ ಮಾತು ಅರ್ಧ ನಿಜ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿತು. ವಿದೇಶಿ ಸಂಗ್ರಹದ ಗೊಂಬೆ ಮಧ್ಯಮ ವರ್ಗದ ಕೈಗೆ ಎಟುಕುವಂತಿಲ್ಲ. ಆದರೆ ಇದೇ ನಮ್ಮ ಕುಶಲಕರ್ಮಿಗಳಿಗೆ ತೆರೆದ ಬಾಗಿಲು. 2021ರ ಜನವರಿಯಿಂದ ಜಾರಿಗೆ ಬಂದ ಆಟಿಕೆ ಗುಣಮಟ್ಟದ ಆದೇಶದಲ್ಲಿ ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳ ತಯಾರಕರಿಗೂ ವಿನಾಯಿತಿ ಕೊಡಲಾಗಿದೆ. ಬಟ್ಟೆಯ ಉಡುಗೆ ತೊಟ್ಟ, ಇತಿಹಾಸಕ್ಕೆ ನಿಷ್ಠವಾದ ಗೊಂಬೆಗಳನ್ನು ಭೋರ್, ಪುಣೆ, ಮೈಸೂರು, ಚನ್ನಪಟ್ಟಣಗಳಲ್ಲಿ ಮಾಡುವ ಕೈಗಳಿವೆ, ಹಬ್ಬದ ಋತುವಿನಲ್ಲಿ ಕೊಳ್ಳುವವರೂ ಇದ್ದಾರೆ. ಈಗಾಗಲೇ ಇರುವುದನ್ನು ಉಳಿಸಿಕೊಳ್ಳುವ ಕೆಲಸವೂ ಸಣ್ಣದಲ್ಲ. ಹಳೆಯ ಬಾರ್ಬಿಗಳ ಲೋಹದ ಓಲೆ ಕಿವಿಯ ಸುತ್ತ ಹಸಿರು ಕಲೆ ಬಿಡುತ್ತದೆ, ಗಾಢ ಬಣ್ಣದ ಬಟ್ಟೆ ವಿನೈಲ್ ಮೈಗೆ ಬಣ್ಣ ಇಳಿಸುತ್ತದೆ. ಸಹ್ಯಾದ್ರಿಯ ಮಗ್ಗುಲಿನ ಮಳೆಗಾಲದ ತೇವದಲ್ಲಿ ಜರಿ ಕಪ್ಪಾಗುತ್ತದೆ, ರೇಷ್ಮೆ ಮಡಿಕೆಯಲ್ಲಿ ಸೀಳುತ್ತದೆ. ಉಡುಗೆಯನ್ನು ಬಿಚ್ಚಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಪೆಟ್ಟಿಗೆಯಲ್ಲಿ ಇಡುವ ಅಜ್ಜಿಯರ ಪದ್ಧತಿ ಗಾಜಿನ ಕಪಾಟಿನ ಬೆಳಕಿಗಿಂತ ಎಷ್ಟೋ ಒಳ್ಳೆಯದು.

ಬಾಬ್ ಮ್ಯಾಕಿಯ ಹೆಸರು ಪೆಟ್ಟಿಗೆಯ ಮೇಲೆ ಉಳಿಯಿತು. ಪಟ್ಟದ ರಾಣಿಗೆ ಐವತ್ತು ನವರಾತ್ರಿ ಸೀರೆ ಉಡಿಸಿದವರ ಹೆಸರು ಎಲ್ಲಿಯೂ ಬರೆದಿಲ್ಲ, ಭೋರ್‌ನ ಕೋಟೆಗೆ ಮೊದಲ ಮಣ್ಣಿನ ಮಹಾರಾಜರನ್ನು ತಿದ್ದಿದ ಕುಂಬಾರರದೂ ಬರೆದಿಲ್ಲ. ಇದು ಸರಿಪಡಿಸಬಹುದಾದ ಅನ್ಯಾಯ. ಈ ವರ್ಷ ಹಬ್ಬ ಮುಗಿದು ಗೊಂಬೆಗಳನ್ನು ಒಳಗಿಡುವಾಗ, ಯಾವ ಉಡುಗೆಯನ್ನು ಯಾರು ಹೊಲಿದರು, ಯಾರು ಉಡಿಸಿದರು, ಬಟ್ಟೆ ಯಾವ ಸೀರೆಯಿಂದ ಬಂತು, ಯಾವ ವರ್ಷ ಎಂದು ಒಂದು ಕಾಗದದಲ್ಲಿ ಬರೆದು ಅದೇ ಪೆಟ್ಟಿಗೆಯಲ್ಲಿ ಇಡಿ. ಮನೆಯ ಹಿರಿಯರಿಗೆ ನೆನಪಿರುವಷ್ಟು ಹಿಂದಿನದನ್ನೂ ಕೇಳಿ ಬರೆದುಕೊಳ್ಳಿ. ಹಬ್ಬದ ಗೊಂಬೆ ಪ್ರದರ್ಶನ ನಡೆಸುವ ಸಂಘ ಸಂಸ್ಥೆಗಳು ಗೊಂಬೆಯ ಮಾಲೀಕರ ಹೆಸರಿನ ಪಕ್ಕದಲ್ಲಿ ಉಡುಗೆ ಮಾಡಿದವರ ಹೆಸರಿಗೂ ಒಂದು ಸಾಲು ಬಿಡಲಿ.